ಆ ಗೊರಕೆ ನಿದ್ದೆಯದಲ್ಲ

ನಿದ್ದೆ ಮಾತ್ರೆ ಹೆಚ್ಚು ನುಂಗಿದವರು ಗೊರಗೊರ ಸದ್ದು ಮಾಡುತ್ತಿದ್ದರೆ ‘ಮಲಗಲಿ ಬಿಡಿ, ಬೆಳಗ್ಗೆ ಸರಿಹೋಗುತ್ತೆ’ ಎನ್ನಬೇಡಿ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತಿರುವ ಸದ್ದದು. ಹೊಟ್ಟೆಯಲ್ಲಿ ಮದ್ಯವೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಭುಜ ತಟ್ಟಿ ಕೂಗಿದರೂ ಏಳದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಉಸಿರಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಗದ್ದ ತುಸು ಮೇಲೆತ್ತಿ. ವಾಂತಿಯಾದರೂ ಹೊರಗೆ ಹರಿಯುತ್ತದೆ. ಉಸಿರು ಎಣಿಸುತ್ತಾ ಪಕ್ಕದಲ್ಲೇ ಇರಿ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ. ತೀರಾ ಇಳಿದರೆ, ತುಟಿ ನೀಲಿಗಟ್ಟಿದರೆ ಮತ್ತೆ 108ಕ್ಕೆ ತಿಳಿಸಿ. ಉಸಿರು ನಿಂತೇ ಹೋದರೆ ಸಿಪಿಆರ್ ಶುರುಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಸ್ಟ್ರಾಂಗ್ ಕಾಫಿ ಹುಯ್ಯುವುದು ಬೇಡವೇ ಬೇಡ. ಮಾತ್ರೆಯ ಖಾಲಿ ಪಟ್ಟಿ ಆಸ್ಪತ್ರೆಗೆ ಒಯ್ಯಿರಿ. ಯಾಕೆ ನುಂಗಿದೆ ಎಂಬ ವಿಚಾರಣೆ, ಬೈಗುಳ ಆಮೇಲೂ ಬೇಡ. ಮನಸ್ಸು ಕುಗ್ಗಿದವರ ಮಾತು ಕೇಳಲು ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ.