ಲೋಟದ ಬಾಯಿ ಎಷ್ಟು ದುಂಡಗಿದೆ?

ಪ್ರೀತಿಯ ಪುಟ್ಟಿ,

ಚಿತ್ರ ಬರೆಯುವುದು ನನ್ನ ಕೈಗೆ ಹತ್ತುವುದಿಲ್ಲ ಮಾವ ಎಂದು ಬರೆದಿದ್ದೀಯ. ಹಬ್ಬದ ದಿನ ಅಂಗಳದ ತುಂಬ ಎಳೆ ತಪ್ಪದೆ ರಂಗೋಲಿ ಹಾಕುವವಳು ನೀನು. ಕೈಯನ್ನು ದೂರಬೇಡ. ಪಳಗಬೇಕಾದದ್ದು ಕಣ್ಣು.

ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಬರೆ. ಏನು ಬರೆಯುತ್ತೀಯೆಂದು ಇಲ್ಲಿಂದಲೇ ಹೇಳಬಲ್ಲೆ. ಬಾಯಿ ಹೆಚ್ಚುಕಡಿಮೆ ದುಂಡಗೆ, ಅಕ್ಕಪಕ್ಕ ಎರಡು ಗೆರೆ, ತಳಕ್ಕೊಂದು ನೇರ ಗೆರೆ. ಲೋಟದ ಬಾಯಿ ದುಂಡಗೆ ಇರುತ್ತದೆಂದು ನಿನಗೆ ಗೊತ್ತು, ತಳ ಸಪಾಟಾಗಿ ಕೂರುತ್ತದೆಂದೂ ಗೊತ್ತು. ಗೊತ್ತಿದ್ದದ್ದನ್ನು ಬರೆದೆ, ಎದುರಿಗಿದ್ದ ಲೋಟವನ್ನು ಕೇಳಲೇ ಇಲ್ಲ. ಈಗ ಒಂದು ಕಣ್ಣು ಮುಚ್ಚಿ, ಮೊಳಕೈ ಮಡಿಸದೆ ಪೆನ್ಸಿಲನ್ನು ಮುಂದೆ ಚಾಚು. ಬಾಯಿಯ ಅಗಲವನ್ನು ಹೆಬ್ಬೆರಳಿನಿಂದ ಪೆನ್ಸಿಲ್ ಮೇಲೆ ಗುರುತಿಸಿಕೊಂಡು, ಪೆನ್ಸಿಲನ್ನು ನೆಟ್ಟಗೆ ತಿರುಗಿಸು. ಬಾಯಿಯ ಹಿಂದಿನ ಅಂಚಿನಿಂದ ಮುಂದಿನ ಅಂಚಿಗೆ ಕಾಣುವ ಎತ್ತರ ಆ ಅಗಲದಲ್ಲಿ ಎಷ್ಟು ಪಾಲು? ಅರ್ಧವೂ ಇರಲಿಕ್ಕಿಲ್ಲ. ಬಗ್ಗಿ ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದರೆ ಬಾಯಿ ಬರೀ ಗೆರೆಯಾಗುತ್ತದೆ. ಎದ್ದು ನಿಂತರೆ ತೆರೆದುಕೊಳ್ಳುತ್ತದೆ. ಇನ್ನು ತಳ. ಅದು ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವುದರಿಂದ, ಅದರ ಅಗಲಕ್ಕೆ ತಕ್ಕಂತೆ ನೋಡಿದರೆ ಬಾಯಿಗಿಂತ ಹೆಚ್ಚೇ ಬಾಗಿರುತ್ತದೆ. ನೀನು ಬಾಗನ್ನೇ ಕೊಡಲಿಲ್ಲ.

ಮುಖದಲ್ಲೂ ಇದೇ ಕಥೆ. ಹೊಸಬರು ಕಣ್ಣುಗಳನ್ನು ಹಣೆಯ ಹತ್ತಿರ ಏರಿಸಿಬಿಡುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಸರಿಸುಮಾರು ನಡುವೆ ಬರುತ್ತದೆ. ನಾವು ಮಾತಾಡುವುದು ಕಣ್ಣು, ಮೂಗು, ಬಾಯಿಯ ಜೊತೆ. ನೆತ್ತಿಯನ್ನು ಯಾರು ಗಮನಿಸುತ್ತಾರೆ? ಹಾಗಾಗಿ ಕಾಗದದ ಮೇಲೆ ತಲೆಬುರುಡೆಗೆ ಜಾಗವೇ ಉಳಿಯುವುದಿಲ್ಲ.

ಈ ‘ಗೊತ್ತು’ ಎಂಬುದರ ಬಾಯಿ ಮುಚ್ಚಿಸಲು ಅಮೆರಿಕದ ಚಿತ್ರಕಲಾ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಒಂದು ಉಪಾಯ ಕೊಟ್ಟರು. ಸಂಗೀತಗಾರ ಸ್ಟ್ರಾವಿನ್‌ಸ್ಕಿ ಕುರ್ಚಿಯಲ್ಲಿ ಕೂತಿರುವಂತೆ ಪಿಕಾಸೊ 1920ರಲ್ಲಿ ಬರೆದ ರೇಖಾಚಿತ್ರವನ್ನು ತಲೆಕೆಳಗಾಗಿ ಇಟ್ಟು ನಕಲು ಮಾಡಿಸುವುದು. ತಲೆಕೆಳಗಾದಾಗ ಇದು ಮೂಗು, ಇದು ಬೆರಳು ಎಂದು ಮನಸ್ಸಿಗೆ ಹೊಳೆಯುವುದಿಲ್ಲ. ಈ ಗೆರೆ ಎಲ್ಲಿ ತಿರುಗಿತು, ಆ ಗೆರೆಗೆ ಎಲ್ಲಿ ಕೂಡಿತು ಎಂಬುದಷ್ಟೇ ಉಳಿಯುತ್ತದೆ. ಮುಗಿಸಿ ನೆಟ್ಟಗೆ ತಿರುಗಿಸಿದರೆ ನಿನಗೇ ಆಶ್ಚರ್ಯವಾದೀತು. ಇದೆಲ್ಲ ಮಿದುಳಿನ ಬಲಭಾಗದ ಕೆಲಸ ಎಂದು ಆಕೆ ವಿವರಿಸಿದರು. ಮಿದುಳು ಅಷ್ಟು ಸಲೀಸಾಗಿ ಎಡ, ಬಲ ಎಂದು ಪಾಲಾಗಿಲ್ಲ ಎನ್ನುತ್ತಾರೆ ವಿಜ್ಞಾನಿಗಳು. ಇರಲಿ ಬಿಡು, ಅಭ್ಯಾಸವಂತೂ ಫಲ ಕೊಡುತ್ತದೆ.

ಸ್ಟೂಲ್ ಬರೆಯುವಾಗ ಸ್ಟೂಲನ್ನು ಬಿಟ್ಟು ಅದರ ಕಾಲುಗಳ ನಡುವಿನ ಸಂದುಗಳನ್ನು ಬರೆ. ಕಾಲಿಗೆ, ಪಟ್ಟಿಗೆ, ಕೂರುವ ಹಲಗೆಗೆ ನಿನ್ನ ತಲೆಯಲ್ಲಿ ಸಿದ್ಧ ಚಿತ್ರ ಇದೆ, ಸಂದಿಗೆ ಇಲ್ಲ. ಅದಕ್ಕಾಗಿ ನೋಡಲೇಬೇಕಾಗುತ್ತದೆ. ಸಂದಿನ ಅಂಚೇ ಕಾಲಿನ ಅಂಚು ತಾನೆ? ಸಂದು ಸರಿಬಂದರೆ ಸ್ಟೂಲ್ ತಾನಾಗಿ ನಿಲ್ಲುತ್ತದೆ.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಕಾಗೆಯೆಂದರೆ ಪ್ರಾಣ, ವ್ಯಂಗ್ಯಚಿತ್ರಗಳ ನಡುವೆಯೂ ಅದನ್ನು ಬರೆಯುತ್ತಲೇ ಇದ್ದರು. ಕಾಗೆ ಕಪ್ಪು ಎಂದು ಎಲ್ಲರಿಗೂ ಗೊತ್ತು. ನಿಮ್ಮ ತಾರಸಿಗೆ ಬರುವ ಊರ ಕಾಗೆಯನ್ನು ನಾಳೆ ನೋಡು, ಅದರ ಕತ್ತು ಬೂದುಬಣ್ಣ.

ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಸದ್ಯಕ್ಕೆ ಮೊಬೈಲಿನ ಫೋಟೊ ನೋಡಿ ಬರೆಯಬೇಡ. ಉದ್ದ, ಅಗಲ, ಆಳ ಮೂರೂ ಇರುವ ಲೋಕವನ್ನು ಹಾಳೆಯ ಮೇಲೆ ಚಪ್ಪಟೆ ಮಾಡುವುದೇ ನೀನು ಕಲಿಯಬೇಕಾದ ವಿದ್ಯೆ. ಫೋಟೊದಲ್ಲಿ ಆ ಕೆಲಸವನ್ನು ಕ್ಯಾಮೆರಾ ಮುಗಿಸಿಕೊಟ್ಟಿರುತ್ತದೆ. ಯಾರದೋ ಹೋಂವರ್ಕ್ ನಕಲು ಮಾಡಿ ಏನು ಸುಖ?

ದಿನಕ್ಕೆ ಹತ್ತು ನಿಮಿಷ ಸಾಕು. ಎಡಗೈಯನ್ನು ಮೇಜಿನ ಮೇಲಿಟ್ಟು, ಹಾಳೆಯ ಕಡೆ ನೋಡದೆ, ಕಣ್ಣು ಬೆರಳಿನ ಅಂಚಿನಲ್ಲಿ ಎಷ್ಟು ನಿಧಾನವಾಗಿ ಹರಿಯುತ್ತದೋ ಅಷ್ಟೇ ನಿಧಾನವಾಗಿ ಪೆನ್ಸಿಲ್ ಹರಿಸು. ಗೆಣ್ಣಿನ ಮಡಿಕೆ, ಉಗುರಿನ ಬುಡ ಯಾವುದನ್ನೂ ಹಾರಿಸಬೇಡ. ರಬ್ಬರ್ ಕೈಗೆ ಸಿಗದ ಹಾಗೆ ಇಡು. ಮೊದಲ ಚಿತ್ರ ಶುಂಠಿ ಗಡ್ಡೆಯಂತೆ ಬಂದೀತು. ಅದನ್ನು ಹರಿಯದೆ, ತಾರೀಕು ಹಾಕಿ ನನಗೆ ಕಳಿಸು.

ನಿನ್ನ
ಮಾವ