ಧಾರವಾಡದ ಆ ಒಬ್ಬ ಹುಡುಗ

ಪರೀಕ್ಷೆಗೆಂದು ಇತಿಹಾಸ ಓದುತ್ತಿದ್ದಾಗ ಸಿಕ್ಕ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ. ಅದನ್ನು ಗೆಳೆಯರ ಮುಂದಿಡುತ್ತಿದ್ದೇನೆ.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಸರಕಾರಿ ಶಾಲೆ ಒಬ್ಬ ಮಹಾರ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನು ಎಲ್ಲರಂತೆ ಫೀ ಕೊಡಲು ತಯಾರಿದ್ದ. ಸುಮ್ಮನೆ ಕೂರದೆ ಮುಂಬಯಿ ಸರಕಾರಕ್ಕೇ ಅರ್ಜಿ ಹಾಕಿದ! ಸರಕಾರದ ಉತ್ತರದ ತಾತ್ಪರ್ಯ ಇಷ್ಟು: ನ್ಯಾಯವೇನೋ ನಿನ್ನ ಕಡೆಗಿದೆ, ಆದರೆ ನಿನ್ನೊಬ್ಬನಿಗಾಗಿ ಒತ್ತಾಯ ಮಾಡಿದರೆ ಉಳಿದವರಿಗೆ ಶಾಲೆ ಇದ್ದೂ ಇಲ್ಲದಂತಾದೀತು.

1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಆದೇಶ ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಒಳಗೆ?

ಅಂಬೇಡ್ಕರರು ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಮುಂದೆ ನಮ್ಮ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರರು ಲೆಕ್ಕ ಬಿಡಿಸಲು ಅವರನ್ನು ಬೋರ್ಡಿನ ಹತ್ತಿರ ಕರೆದರೆ, ಉಳಿದ ಹುಡುಗರು ಓಡಿಹೋಗಿ ಬೋರ್ಡಿನ ಹಿಂದಿಟ್ಟಿದ್ದ ಊಟದ ಡಬ್ಬಿಗಳನ್ನು ಎತ್ತಿಕೊಂಡರಂತೆ. 1907ರಲ್ಲಿ ಅವರು ಮೆಟ್ರಿಕ್ ಪಾಸಾದರು. 1918ರಲ್ಲಿ ಇಲ್ಲಿಯ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರರಾಗಿ ಬಂದಾಗಲೂ ನೀರಿನ ಹೂಜಿಯ ತಕರಾರು ತಪ್ಪಲಿಲ್ಲ. ಅದೇ ಅಂಬೇಡ್ಕರರು 1946ರಲ್ಲಿ ಇದೇ ಊರಿನಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ ಎಲ್ಲ ಜಾತಿಯವರಿಗೂ ತೆರೆದರು.

ಅಮೆರಿಕದಲ್ಲಿ ಕರಿಯ ಮಕ್ಕಳಿಗೆ ಬೇರೆ ಶಾಲೆಗಳಿದ್ದವು. ಹಾಗೆ ಬೇರೆಯಾಗಿ ಇಡುವುದೇ ಅಸಮಾನತೆ ಎಂದು ಅಲ್ಲಿಯ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿತು. ಅಂದರೆ ಒಳಗೆ ಬಿಟ್ಟರೆ ಸಾಲದು, ಜೊತೆಗೆ ಕೂರಿಸಿಕೊಳ್ಳಬೇಕು.

ಇದೆಲ್ಲ ಹಳೇ ಕತೆ ಅಂತೀರಾ? ಊರಿನಿಂದ ಹೊಸ ಹುಡುಗ ಬಂದರೆ ನಾವು ಮೊದಲು ಕೇಳೋದು, "ಯಾವ ಊರು ಮಾರಾಯಾ?" ಆಮೇಲೆ, "ಯಾರ ಪೈಕಿ?" ಕಳೆದ ವರ್ಷ ನಾನೇ ಒಬ್ಬನನ್ನು ಹಾಗೆ ಕೇಳಿದೆ. ಅವನು ಹೇಳಿದ. ಗುಂಪಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಮರುದಿನದಿಂದ ಅವನು ಡಬ್ಬಿ ತಂದು ನಮ್ಮ ಜೊತೆ ಕೂರಲಿಲ್ಲ. ನಾನೂ ಕರೆಯಲಿಲ್ಲ. 'ಒಬ್ಬನಿಗಾಗಿ ಎಲ್ಲರ ಹತ್ರ ಕಿರಿಕಿರಿ ಯಾಕೆ' ಅಂದುಕೊಂಡೆ.

1856ರ ಸರಕಾರ ಹೇಳಿದ್ದೂ ಅದನ್ನೇ ಅಲ್ಲವೆ? ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೆಳೆಯರೇ, ನಾಳೆ ಮಧ್ಯಾಹ್ನ ಅವನನ್ನು ಊಟಕ್ಕೆ ಕರೆಯುತ್ತೇನೆ. ಬರುವುದು ಬಿಡುವುದು ಅವನಿಗೆ ಸೇರಿದ್ದು. ಜಾಗ ಮಾಡಿಕೊಡುವುದು ಮಾತ್ರ ನಮಗೆ ಸೇರಿದ್ದು.