ಗ್ಲಾಕೋಮ: ಪರೀಕ್ಷೆ ಮತ್ತು ಚಿಕಿತ್ಸೆ

ಗ್ಲಾಕೋಮವು ದೃಷ್ಟಿನರವನ್ನು ಕ್ರಮೇಣ ಹಾಳುಮಾಡುವ ರೋಗ. ಕಣ್ಣಿನೊಳಗಿನ ದ್ರವವು ಸರಾಗವಾಗಿ ಹೊರಹೋಗದೆ ಒತ್ತಡ ಹೆಚ್ಚುವುದು ಇದಕ್ಕೆ ಮುಖ್ಯ ಕಾರಣ. ಬಹುಮಟ್ಟಿಗೆ ನೋವಿರುವುದಿಲ್ಲ, ಮೊದಲು ಅಂಚಿನ ನೋಟ ಕುಗ್ಗುವುದರಿಂದ ರೋಗವು ಅರಿವಿಗೆ ಬರುವುದಿಲ್ಲ.

ಸಾಮಾನ್ಯ ಒತ್ತಡವು ಪಾದರಸದ 10ರಿಂದ 21 ಮಿಲಿಮೀಟರ್. ಈ ಮಿತಿಯಲ್ಲಿಯೂ ರೋಗವಿರಬಹುದು. ಆದುದರಿಂದ ವೈದ್ಯರು ಒತ್ತಡವನ್ನು ಅಳೆಯುವುದರೊಂದಿಗೆ ದೃಷ್ಟಿನರದ ತುದಿಯನ್ನೂ, ದ್ರವ ಹೊರಹೋಗುವ ಕೋನವನ್ನೂ, ನೋಟದ ವ್ಯಾಪ್ತಿಯನ್ನೂ ಪರೀಕ್ಷಿಸುತ್ತಾರೆ.

ಕಣ್ಣಿನ ಹನಿ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಒತ್ತಡವನ್ನು ತಗ್ಗಿಸಬಹುದು. ಕಳೆದುಹೋದ ದೃಷ್ಟಿ ಮರಳಿ ಬಾರದು. ಉಳಿದುದನ್ನು ಕಾಪಾಡುವುದೇ ಚಿಕಿತ್ಸೆಯ ಗುರಿ. ಆದ್ದರಿಂದ ನೋಟ ಸುಧಾರಿಸಲಿಲ್ಲವೆಂದು ವೈದ್ಯರನ್ನು ಕೇಳದೆ ಔಷಧಿಯನ್ನು ನಿಲ್ಲಿಸಬಾರದು. 40 ವರ್ಷ ದಾಟಿದವರೂ, ರೋಗಿಯ ಒಡಹುಟ್ಟಿದವರೂ, ಮಕ್ಕಳೂ ನಿಯತವಾಗಿ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಬೇಕು.